ಕಟ್ಟು ಚೆಲ್ಲಬೇಡಿ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇಗ ಆಗುವ, ಮೈಗೆ ಒಳ್ಳೆಯದಾದ, ಜೇಬಿಗೆ ಭಾರವಾಗದ ಅಡುಗೆ ಬಗ್ಗೆ ಮಾತಾಡಿ ಅಂತ ಕರೆದರು. ಹತ್ತು ಅಡುಗೆ ಹೇಳಿ ಹತ್ತನ್ನೂ ಮರೆಸುವುದಕ್ಕಿಂತ ಒಂದು ಸಾರಿನ ಬಗ್ಗೆ ಸರಿಯಾಗಿ ಹೇಳುತ್ತೇನೆ. ಬಸ್ಸಾರು. ಮಂಡ್ಯ, ಮೈಸೂರು, ಹಾಸನ, ತುಮಕೂರು ಕಡೆಯವರಿಗೆ ಇದು ಹೊಸದಲ್ಲ. ನಿಮ್ಮಲ್ಲಿ ಅರ್ಧ ಜನ ಹುಟ್ಟಿದಾಗಿನಿಂದ ಉಂಡಿದ್ದೀರಿ. ಆದರೆ ಎಷ್ಟು ಜನ ವಾರದ ದಿನ, ಆಫೀಸಿನಿಂದ ಬಂದ ಮೇಲೆ ಮಾಡುತ್ತೀರಿ? ಕೈ ಎತ್ತಿ ನೋಡೋಣ. ನಾಲ್ಕು ಕೈ. ಸರಿ, ಅಲ್ಲಿಂದಲೇ ಶುರು ಮಾಡೋಣ.

ನಾನು ಮದ್ದೂರಿನ ಹತ್ತಿರದ ಹಳ್ಳಿಯವನು. ಮೂವತ್ತೆಂಟು ವರ್ಷ ಆಗುವವರೆಗೂ ಅಡುಗೆ ಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯುವುದಕ್ಕೆ ಮಾತ್ರ. ನನ್ನ ಹೆಂಡತಿ ನರ್ಸ್. ಆರು ವರ್ಷದ ಹಿಂದೆ ಅವಳಿಗೆ ಮಧ್ಯಾಹ್ನದ ಪಾಳಿ ಬಂತು. ಎರಡು ಗಂಟೆಗೆ ಹೋದರೆ ರಾತ್ರಿ ಹತ್ತಕ್ಕೆ ಬರುವುದು. ಮಗಳು ಆಗ ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ರಾತ್ರಿ ಊಟ ನನ್ನ ಪಾಲಿಗೆ ಬಂತು. ಮೊದಲ ಮೂರು ತಿಂಗಳು ನಾನು ಮಾಡಿದ್ದು ಇಷ್ಟೇ: ಒಂದು ದಿನ ನೂಡಲ್ಸು, ಒಂದು ದಿನ ಬ್ರೆಡ್ಡು, ಒಂದು ದಿನ ಫೋನಿನಲ್ಲಿ ಆರ್ಡರು, ಮಿಕ್ಕ ದಿನ ಅನ್ನಕ್ಕೆ ಮೊಸರು, ಉಪ್ಪಿನಕಾಯಿ.

ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವುದಕ್ಕೆ ಶುರು ಮಾಡಿದಳು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.4 ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಆಮೇಲೆ ನನ್ನ ಕಡೆ ತಿರುಗಿ, 'ಈ ವಾರ ಮನೆಯಲ್ಲಿ ಎಷ್ಟು ದಿನ ಸೊಪ್ಪು ಮಾಡಿದಿರಿ?' ಅಂತ ಕೇಳಿದರು. ಒಂದು ದಿನವೂ ಇಲ್ಲ. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮಗಳಿಗೆ ಗುಣವಾಗಿದ್ದು ಮಾತ್ರೆಯಿಂದ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳುವುದು ನಮ್ಮ ತಟ್ಟೆಯ ಕೆಲಸ ಅಲ್ವಾ?

ಅವತ್ತು ಸಂಜೆ ಊರಿಗೆ ಫೋನ್ ಮಾಡಿದೆ. ಅವ್ವ ಬಸ್ಸಾರು ಹೇಳಿಕೊಟ್ಟಳು. ಬೇಳೆ ಬೇಯಿಸು, ಸೊಪ್ಪು ಹಾಕು, ಬಸಿ ಅಂದಳು. ನಾನು ಬಸಿದೆ. ಅನ್ನ ಬಸಿದ ಹಾಗೆ, ನೀರನ್ನು ಸಿಂಕಿಗೆ ಬಿಟ್ಟೆ. ಮುಂದೇನು ಅಂತ ಮತ್ತೆ ಫೋನ್ ಮಾಡಿದಾಗ ಅವ್ವ ಒಂದು ಕ್ಷಣ ಸುಮ್ಮನಾದಳು. 'ಅಯ್ಯೋ, ಕಟ್ಟ ಚೆಲ್ಬುಟ್ಯೇನ್ಲಾ ಮಗ? ಅದ್ರಲ್ಲೇ ಕಣ್ಲಾ ಸಾರಿರೋದು.'

ಇವತ್ತಿನ ನನ್ನ ಮಾತೆಲ್ಲಾ ಆ ಒಂದು ಮಾತಿನಲ್ಲಿದೆ. ಬಸಿದ ನೀರು ಅಂದರೆ ಕಟ್ಟು. ಅದು ಸಾರಾಗುತ್ತದೆ. ಮೇಲೆ ಉಳಿದ ಬೇಳೆ, ಸೊಪ್ಪು ಪಲ್ಯ ಆಗುತ್ತದೆ. ಒಂದು ಸಲ ಒಲೆ ಹಚ್ಚಿದರೆ, ಒಂದು ಪಾತ್ರೆಯಲ್ಲಿ ಬೇಯಿಸಿದರೆ, ಎರಡು ಅಡುಗೆ. ಸೊಪ್ಪು ಬೇಯುವಾಗ ನೀರಿಗೆ ಇಳಿಯುವ ಸತ್ವವೂ ಹೊಟ್ಟೆಗೇ ಸೇರುತ್ತದೆ. ಫೋಲೇಟ್‌ನಂತಹ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅವೂ ಹೋದ ಹಾಗೆ. ನಮ್ಮ ಅಜ್ಜಿಯರು ಫೋಲೇಟ್ ಅಂತ ಹೆಸರು ಕೇಳಿರಲಿಲ್ಲ. ಆದರೂ ಕಟ್ಟು ಚೆಲ್ಲಲಿಲ್ಲ.

ಈಗ ಗಡಿಯಾರ ಇಟ್ಟುಕೊಂಡು ಹೇಳುತ್ತೇನೆ. ನಾಲ್ಕು ಜನರಿಗೆ, ಎರಡು ಒಲೆಯ ಗ್ಯಾಸ್ ಸ್ಟವ್.

ಬೆಳಿಗ್ಗೆ ಮನೆ ಬಿಡುವ ಮುಂಚೆ ಒಂದು ಲೋಟ ತೊಗರಿಬೇಳೆ ತೊಳೆದು, ನೆನೆಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಸಂಜೆ ಏಳಕ್ಕೆ ಮನೆಗೆ ಬರುತ್ತೇನೆ. ಕೈಕಾಲು ತೊಳೆದು, ಐದಾರು ಲೋಟ ನೀರು, ಚಿಟಿಕೆ ಅರಿಶಿನ, ಒಂದು ಹನಿ ಎಣ್ಣೆ ಹಾಕಿ ಬೇಳೆಯನ್ನು ಕುಕ್ಕರಿಗೆ ಏರಿಸುತ್ತೇನೆ. ನೆಂದ ಬೇಳೆಗೆ ಒಂದೇ ವಿಷಲ್ ಸಾಕು. ಇಲ್ಲಿ ಒಂದು ಎಚ್ಚರ. ಹುಳಿಗೆ ಬೇಯಿಸುವ ಹಾಗೆ ಬೇಳೆ ಕರಗಬಾರದು. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಆದರೆ ಆಕಾರ ಉಳಿದಿರಬೇಕು. ಕರಗಿದರೆ ಪಲ್ಯ ಆಗುವುದಿಲ್ಲ, ಪಾಯಸದ ಹಾಗೆ ಆಗುತ್ತದೆ.

ಕುಕ್ಕರ್ ಕೂಗುವುದರೊಳಗೆ ಎರಡು ಕಟ್ಟು ಸೊಪ್ಪು ತೊಳೆದು ಹೆಚ್ಚುತ್ತೇನೆ. ದಂಟು, ಹರಿವೆ, ಕೀರೆ, ಸಬ್ಬಸಿಗೆ, ಯಾವುದು ಸಿಕ್ಕಿದರೂ ನಡೆಯುತ್ತದೆ. ನಾಲ್ಕೈದು ಸೇರಿಸಿದ ಬೆರಕೆ ಸೊಪ್ಪಾದರೆ ರುಚಿ ಇನ್ನೂ ಜಾಸ್ತಿ. ಸೊಪ್ಪು ಸಿಗದ ದಿನ ಹುರುಳಿಕಾಯಿ, ಎಲೆಕೋಸು, ನವಿಲುಕೋಸು. ಪ್ರೆಷರ್ ಇಳಿದ ಮೇಲೆ ಮುಚ್ಚಳ ತೆಗೆದು, ಸೊಪ್ಪು ಹಾಕಿ, ತೆರೆದ ಕುಕ್ಕರಿನಲ್ಲೇ ಐದು ನಿಮಿಷ ಕುದಿಸುತ್ತೇನೆ. ಉಪ್ಪು ಆಗಲೇ ಹಾಕುವುದು. ಆಮೇಲೆ ತೂತಿನ ಪಾತ್ರೆಗೆ ಸುರಿದು ಬಸಿಯುತ್ತೇನೆ. ಕೆಳಗೆ ದೊಡ್ಡ ಪಾತ್ರೆ ಇಡುವುದನ್ನು ಮಾತ್ರ ಮರೆಯಬೇಡಿ!

ಏಳೂ ಇಪ್ಪತ್ತೈದು. ಅರ್ಧ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಇವನ್ನು ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ ಮಿಕ್ಸಿಗೆ ಹಾಕುತ್ತೇನೆ. ಜೊತೆಗೆ ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ತೆಂಗಿನತುರಿ, ಗೋಲಿ ಗಾತ್ರದ ಹುಣಸೆಹಣ್ಣು. ಕೊನೆಗೆ ಬಸಿದ ಬೇಳೆ-ಸೊಪ್ಪಿನಿಂದ ಒಂದು ಸೌಟು ತೆಗೆದು ಅದಕ್ಕೇ ಸೇರಿಸಿ ರುಬ್ಬುತ್ತೇನೆ. ಈ ಒಂದು ಸೌಟೇ ಸಾರಿಗೆ ಮೈ ಕೊಡುವುದು. ಅದಿಲ್ಲದಿದ್ದರೆ ಕಟ್ಟು ನೀರುನೀರಾಗಿ ಉಳಿಯುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಕಲಸಿ ಕುದಿಯಲು ಇಟ್ಟರೆ ಎಂಟು ನಿಮಿಷದಲ್ಲಿ ಮನೆಯೆಲ್ಲಾ ಘಮ್ಮೆನ್ನುತ್ತದೆ. ಅದೇ ಬಾಣಲೆಯಲ್ಲಿ ಪಲ್ಯಕ್ಕೆ ಒಗ್ಗರಣೆ: ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಉಳಿದ ಅರ್ಧ ಈರುಳ್ಳಿ. ಬೇಳೆ-ಸೊಪ್ಪು ಹಾಕಿ ಎರಡು ಸಲ ತಿರುವಿ, ಕಾಯಿತುರಿ ಉದುರಿಸಿದರೆ ಆಯಿತು. ಆ ಒಗ್ಗರಣೆಯಲ್ಲೇ ಒಂದು ಚಮಚ ಸಾರಿಗೂ ಹೋಗುತ್ತದೆ.

ಏಳೂ ಮುಕ್ಕಾಲಿಗೆ ಸಾರು, ಪಲ್ಯ ಎರಡೂ ಸಿದ್ಧ. ಅನ್ನಕ್ಕಾದರೆ ಅಷ್ಟೇ ಕೆಲಸ. ಮುದ್ದೆಗೆ ಇನ್ನು ಹತ್ತು ಹನ್ನೆರಡು ನಿಮಿಷ.

ಮುದ್ದೆ ಅಂದರೆ ಇಲ್ಲಿ ಕೆಲವರ ಮುಖ ಸಣ್ಣಗಾಯಿತು. ಗಂಟಾಗುತ್ತದೆ ಅನ್ನುವ ಭಯ. ಎರಡು ಲೋಟ ಹಿಟ್ಟಿಗೆ ನಾಲ್ಕು ಲೋಟ ನೀರು. ತಣ್ಣೀರಿರುವಾಗಲೇ ಒಂದು ಚಮಚ ಹಿಟ್ಟು ಕದಡಿ ಬಿಡಿ. ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಮುಟ್ಟಬೇಡಿ! ಸಣ್ಣ ಉರಿಯಲ್ಲಿ ಐದು ನಿಮಿಷ ಹಾಗೇ ಬೇಯಲಿ. ಸುತ್ತ ನೀರು ಉಕ್ಕಿ ಹಿಟ್ಟಿನ ಮೇಲೆ ಬರುತ್ತದೆ. ಆಮೇಲೆ ಕೋಲು ಹಾಕಿ, ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸಿ. ಗಂಟಾಗುವುದು ಅವಸರ ಮಾಡಿದಾಗ. ನಮ್ಮ ಮನೆಯಲ್ಲಿ ತೊಳಸುವುದು ನಾನು, ಒದ್ದೆ ಕೈಯಲ್ಲಿ ಉಂಡೆ ಕಟ್ಟುವುದು ಮಗ. ಈಗ ಅವನು ಕಟ್ಟಿದ ಮುದ್ದೆ ನನ್ನದಕ್ಕಿಂತ ನುಣ್ಣಗಿರುತ್ತದೆ.

ರಾಗಿಗೆ ಇಷ್ಟು ಒತ್ತು ಯಾಕೆ ಅಂದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೆಳೆಯುವ ಮಕ್ಕಳ ಮನೆಯಲ್ಲಿ ಇದು ಸಣ್ಣ ಮಾತಲ್ಲ. ರಾಗಿಯ ಬಗ್ಗೆ ಮಾತಾಡುವಾಗ ನಮ್ಮ ಕಡೆಯವರು ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು, ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ತಳಿಗಳನ್ನು ಕೊಟ್ಟವರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಹೊಲದಲ್ಲಿ ರಾಗಿಯ ಇಳುವರಿ ಏರಿದ್ದರಲ್ಲಿ ಅವರ ಬೆವರು ದೊಡ್ಡದು. ಮುದ್ದೆ ಮುರಿಯುವಾಗ ಒಮ್ಮೊಮ್ಮೆ ನೆನಪಾಗುತ್ತಾರೆ.

ಈಗ ಕಬ್ಬಿಣದ ವಿಚಾರ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ನಮ್ಮ ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಜಾಸ್ತಿ ಹೀರಿಕೊಳ್ಳುತ್ತದೆ. ಆದ್ದರಿಂದ ಪಲ್ಯ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಒಲೆಯ ಮೇಲಿರುವಾಗ ಬೇಡ, ಬಿಸಿಗೆ ಸಿ ಜೀವಸತ್ವ ಹಾಳಾಗುತ್ತದೆ. ಇನ್ನೊಂದು, ಊಟದ ಜೊತೆ ಕಾಫಿ, ಟೀ. ಇದು ನಮ್ಮ ಮನೆಯ ತಪ್ಪೂ ಆಗಿತ್ತು. ಮಗಳು ಬೆಳಿಗ್ಗೆ ತಿಂಡಿಯ ಜೊತೆಗೇ ಟೀ ಕುಡಿಯುತ್ತಿದ್ದಳು. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲೂ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ-ಟೀ ಬೇಡ ಅಂತ ಹೇಳಿದ್ದಾರೆ. ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಾದ ಬದಲಾವಣೆ ಇದು.

ಅದೇ ಸೂಚನೆಗಳಲ್ಲಿ ದೊಡ್ಡವರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ-ಸೊಪ್ಪು ಬೇಕು ಅಂತಿದೆ. ಓದಿದಾಗ ಬೆಚ್ಚಿದೆ. ನಾಲ್ಕು ಜನಕ್ಕೆ ಒಂದೂವರೆ ಕೇಜಿ ಆಗುತ್ತದೆ! ಬರೀ ಹುಳಿಯಲ್ಲಿ ತೇಲುವ ನಾಲ್ಕು ಹೋಳಿನಿಂದ ಅಲ್ಲಿಗೆ ಮುಟ್ಟುವುದಿಲ್ಲ. ಬಸ್ಸಾರಿನ ದಿನ ಮಾತ್ರ ನಮ್ಮ ತಟ್ಟೆ ಅದರ ಹತ್ತಿರ ಹೋಗುತ್ತದೆ. ಯಾಕೆಂದರೆ ಸೊಪ್ಪು ಬೆಂದು ಕುಗ್ಗಿ, ದೊಡ್ಡ ಕಟ್ಟೂ ಒಂದು ಬಟ್ಟಲಿಗೆ ಇಳಿಯುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಬೆಲೆ ವಾರವಾರ ಬದಲಾಗುತ್ತದೆ, ಹಾಗಾಗಿ ಲೆಕ್ಕ ಮಾಡುವ ರೀತಿ ಹೇಳುತ್ತೇನೆ. ನಾಲ್ಕು ಜನಕ್ಕೆ ಹೊರಗಿನಿಂದ ಒಂದು ರಾತ್ರಿ ಊಟ ತರಿಸಿದ ಬಿಲ್ಲು ತೆಗೆದಿಟ್ಟುಕೊಳ್ಳಿ. ಅಷ್ಟೇ ದುಡ್ಡು ಹಿಡಿದು ಅಂಗಡಿಗೆ ಹೋಗಿ. ನಾನು ಹೋದಾಗ ಒಂದು ಕೇಜಿ ತೊಗರಿಬೇಳೆ, ಎರಡು ಕೇಜಿ ರಾಗಿ ಹಿಟ್ಟು, ಅರ್ಧ ಕೇಜಿ ಹುರುಳಿ, ನಾಲ್ಕು ಕಟ್ಟು ಸೊಪ್ಪು ತಂದು ಇನ್ನೂ ಚಿಲ್ಲರೆ ಉಳಿದಿತ್ತು. ನಾಲ್ಕೈದು ರಾತ್ರಿಯ ಊಟ ಅದು. ತೊಗರಿಬೇಳೆ ತುಟ್ಟಿಯಾದ ತಿಂಗಳು ಅರ್ಧ ತೊಗರಿ, ಅರ್ಧ ಹೆಸರುಬೇಳೆ ಹಾಕಿ. ಹೆಸರುಬೇಳೆ ಬೇಗ ಬೇಯುತ್ತದೆ, ಅದನ್ನು ಸೊಪ್ಪಿನ ಜೊತೆಗೇ ಹಾಕಬೇಕು. ಹುರುಳಿಯಲ್ಲಿ ತೊಗರಿಯಷ್ಟೇ ಪ್ರೋಟೀನ್ ಇದೆ, 100 ಗ್ರಾಂಗೆ ಸುಮಾರು 22 ಗ್ರಾಂ. ಎತ್ತಿಗೆ ಬೇಯಿಸಿ ಹಾಕುತ್ತಿದ್ದರು ಅಂತ ಅದನ್ನು ಕೀಳಾಗಿ ನೋಡುವವರಿದ್ದಾರೆ. ಹೊಲ ಉಳುವ ಎತ್ತಿಗೆ ಯಾಕೆ ಕೊಡುತ್ತಿದ್ದರು ಅಂತ ಯೋಚಿಸಿ. ಹುರುಳಿ ಕಟ್ಟಿನ ಸಾರನ್ನು ಒಮ್ಮೆ ಉಂಡವರು ಬಿಡುವುದಿಲ್ಲ.

ಗ್ಯಾಸಿನ ಬಗ್ಗೆಯೂ ಒಂದು ಮಾತು. ಕುಕ್ಕರ್ ಒಳಗೆ ನೀರು ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ, ತೆರೆದ ಪಾತ್ರೆಯಲ್ಲಿ 100 ದಾಟುವುದಿಲ್ಲ. ಬೇಗ ಬೇಯುವುದು ಅದಕ್ಕೇ. ಪೂರ್ತಿ ಪ್ರೆಷರ್ ಬಂದ ಮೇಲೆ ದೊಡ್ಡ ಉರಿ ಇಟ್ಟರೆ ಒಳಗಿನ ಬಿಸಿ ಏರುವುದಿಲ್ಲ, ಸುಮ್ನೆ ಆವಿ ಹೊರಗೆ ಹೋಗುತ್ತದೆ. ಉರಿ ಸಣ್ಣ ಮಾಡಿ. ಕಾಳುಗಳನ್ನು ಎಂಟು ಗಂಟೆ ನೆನೆಹಾಕಿದರೆ ಬೇಯುವ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. ಮಲಗುವ ಮುಂಚೆ 'ನಾಳೆ ಯಾವ ಕಾಳು?' ಅಂತ ಒಬ್ಬರು ಕೇಳಬೇಕು. ನಮ್ಮ ಮನೆಯಲ್ಲಿ ಅದು ಮಗಳ ಕೆಲಸ.

ಬಸ್ಸಾರಿಗೂ ಹೊತ್ತಿಲ್ಲದ ದಿನ ಉಪ್ಸಾರು. ಬೇಳೆ, ಸೊಪ್ಪು ಬೇಯಿಸಿ ಬಸಿಯುವವರೆಗೂ ಎಲ್ಲಾ ಅದೇ. ಕಟ್ಟಿಗೆ ರುಬ್ಬಿ ಹಾಕುವುದಿಲ್ಲ. ಬದಲಿಗೆ ಖಾರ ಬೇರೆ ಇರುತ್ತದೆ: ಹುರಿದ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು, ಕೊತ್ತಂಬರಿ ಸೊಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿದ್ದು. ತಟ್ಟೆಯಲ್ಲಿ ಕಟ್ಟು ಬಿಟ್ಟುಕೊಂಡು ಬೇಕಾದಷ್ಟು ಖಾರ ಕಲಸಿಕೊಳ್ಳುವುದು. ಚಿಕ್ಕವರಿಗೆ ಕಡಿಮೆ, ದೊಡ್ಡವರಿಗೆ ಜಾಸ್ತಿ. ಒಂದೇ ಸಾರು ಎಲ್ಲರ ನಾಲಿಗೆಗೂ ಹೊಂದುತ್ತದೆ. ಭಾನುವಾರ ರುಬ್ಬಿ, ಒಣಗಿದ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ. ನಾನು ಭಾನುವಾರ ಮಾಡಿಟ್ಟುಕೊಳ್ಳುವುದು ಈ ಖಾರ, ಕಾಯಿತುರಿ, ಬಿಡಿಸಿದ ಬೆಳ್ಳುಳ್ಳಿ, ಇಷ್ಟೇ. ಸೊಪ್ಪು ಬಿಡಿಸುವುದು ನಿಜವಾಗಿ ಹೊತ್ತು ತಿನ್ನುವ ಕೆಲಸ. ಅದನ್ನು ಹಿಂದಿನ ರಾತ್ರಿ ಎಲ್ಲರೂ ಸುತ್ತ ಕೂತು ಮಾಡುತ್ತೇವೆ. ಬಿಡಿಸಿದ್ದನ್ನು ತೊಳೆಯದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಎರಡು ದಿನ ಬಾಡುವುದಿಲ್ಲ. ತೊಳೆದು ಇಟ್ಟರೆ ಕೊಳೆಯುತ್ತದೆ.

ನನ್ನ ಹೆಂಡತಿ ಧಾರವಾಡ ಕಡೆಯವಳು. ಅವಳ ತವರಿನಿಂದ ನಮ್ಮ ಮನೆಗೆ ಬರುವ ಎರಡು ಡಬ್ಬಿಗಳ ಬಗ್ಗೆ ಹೇಳದಿದ್ದರೆ ಅನ್ಯಾಯ. ಒಂದರಲ್ಲಿ ಖಡಕ್ ರೊಟ್ಟಿ, ಒಂದರಲ್ಲಿ ಶೇಂಗಾ ಚಟ್ನಿಪುಡಿ. ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಹಸಿ ಸೌತೆಕಾಯಿ, ಈರುಳ್ಳಿ, ಮೊಸರು ಇಟ್ಟುಕೊಂಡರೆ ಒಲೆ ಹಚ್ಚದೆ ಊಟ. ಹತ್ತು ನಿಮಿಷ ಇದ್ದರೆ ಕಡಲೆಹಿಟ್ಟಿನ ಜುಣಕ. ಕರಾವಳಿ, ಮಲೆನಾಡಿನವರಿಗೆ ತಂಬುಳಿ ಇದೆ. ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಕಾಯಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಕಲಸುವುದು, ಐದು ನಿಮಿಷ. ಬೇಗದ ಅಡುಗೆ ಅಂದರೆ ಪ್ಯಾಕೆಟ್ ಹರಿಯುವುದು ಅಂತ ನಾನು ನಂಬಿದ್ದೆ. ಗದ್ದೆ, ಹೊಲದಲ್ಲಿ ದುಡಿದು ಬಂದ ಹೆಂಗಸರು ಕತ್ತಲಾಗುವುದರೊಳಗೆ ಹತ್ತು ಜನಕ್ಕೆ ಬಡಿಸಬೇಕಿತ್ತು. ನಮಗಿಂತ ಅವರಿಗೆ ಪುರುಸೊತ್ತು ಕಡಿಮೆ. ಈ ಅಡುಗೆಗಳೆಲ್ಲಾ ಅವರ ಕೈಯಲ್ಲಿ ಹುಟ್ಟಿದ್ದು.

ಪ್ರಶ್ನೆಗಳು ಬಂದವು.

ಒಬ್ಬ ತಾಯಿ ಕೇಳಿದರು: 'ಸರ್, ನಮ್ಮ ಮಗ ಮುದ್ದೆ ಮುಟ್ಟೋದೇ ಇಲ್ಲ, ಏನು ಮಾಡಲಿ?' ಬಲವಂತ ಬೇಡಮ್ಮ. ಅದೇ ರಾಗಿ ಹಿಟ್ಟಿಗೆ ಅರ್ಧದಷ್ಟು ರವೆ, ಹುಳಿ ಮಜ್ಜಿಗೆ, ಈರುಳ್ಳಿ, ಕರಿಬೇವು ಹಾಕಿ ಇಪ್ಪತ್ತು ನಿಮಿಷ ಬಿಟ್ಟು ನೀರಾಗಿ ದೋಸೆ ಹುಯ್ಯಿರಿ. ತೂತುತೂತಾಗಿ ಗರಿಗರಿ ಬರುತ್ತದೆ. ನನ್ನ ಮಗ ಮುದ್ದೆಗೆ ಬಂದದ್ದು ಈ ದಾರಿಯಿಂದಲೇ. ಅದಕ್ಕೆ ಎಂಟು ತಿಂಗಳು ಹಿಡಿಯಿತು.

ಹುರುಳಿಕಾಳು ಬಿಟ್ಟು ಬೇರೆ ಕಾಳು ಆಗುತ್ತದಾ ಅಂತ ಒಬ್ಬರು ಕೇಳಿದರು. ಅಲಸಂದೆ, ಹೆಸರುಕಾಳು, ಅವರೆಕಾಳು, ಎಲ್ಲವೂ ಆಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬರುವಾಗ ಬೇರೆ ಯೋಚನೆಯೇ ಬೇಡ. ರಾಜ್ಮಾ ಮಾತ್ರ ರಾತ್ರಿಯೆಲ್ಲಾ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸಿ. ಅರೆಬೆಂದ ರಾಜ್ಮಾ ಹೊಟ್ಟೆಗೆ ಕೇಡು. ಅಲ್ಲಿ ನೆನೆಸಿದ ನೀರು ಚೆಲ್ಲುವುದೇ ಸರಿ.

ಇನ್ನೊಬ್ಬರು, 'ಇದೆಲ್ಲಾ ಸರಿ, ಆದರೆ ಮನೆಯಲ್ಲಿ ಒಬ್ಬಳೇ ಮಾಡಬೇಕಲ್ಲ' ಅಂದರು. ಪಕ್ಕದಲ್ಲಿ ಅವರ ಯಜಮಾನರೂ ಕೂತಿದ್ದರು. ನಾನು ಅವರಿಗೆ ಹೇಳಿದ್ದು ಇದು: ಅಣ್ಣ, ಮುದ್ದೆ ತೊಳಸುವುದಕ್ಕೆ ತೋಳಿನ ಬಲ ಬೇಕು. ನೀವು ಅದೊಂದನ್ನು ಹಿಡಿಯಿರಿ. ಕೋಲು ಹಿಡಿದವರು ಒಲೆಯ ಮುಂದೆ ನಿಲ್ಲುತ್ತಾರೆ. ನಿಂತವರಿಗೆ ಒಗ್ಗರಣೆ ಸೀದುಹೋಗುವುದು ಕಾಣುತ್ತದೆ. ಹಾಗೆ ಒಂದೊಂದೇ ಕೆಲಸ ಕೈಗೆ ಬರುತ್ತದೆ. ನನಗೆ ಬಂದದ್ದೂ ಹಾಗೆ.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದರು. 'ಎಲ್ಲಾ ಸರಿಯಾಗ್ ಹೇಳ್ದೆ ಕಣಪ್ಪ. ರಾತ್ರಿ ಪಲ್ಯ ಮಿಕ್ರೆ ಬೆಳಿಗ್ಗೆ ಏನ್ಮಾಡ್ತೀಯ?' ಅಂತ ಕೇಳಿದರು. ಬಿಸಿ ಮಾಡಿ ತಿನ್ನುತ್ತೇವೆ ಅಂದೆ. 'ಅಕ್ಕಿಹಿಟ್ಟಿಗೆ ಅದ್ನ ಹಾಕು, ಮಿಕ್ಕಿದ್ ಕಟ್ನಲ್ಲೇ ಕಲ್ಸು, ರೊಟ್ಟಿ ತಟ್ಟು. ಬೇರೆ ನೀರು ಬ್ಯಾಡ, ಈರುಳ್ಳೀನೂ ಬ್ಯಾಡ' ಅಂದರು.

ಮಂಗಳವಾರ ಪಲ್ಯವನ್ನೂ ಒಂದು ಲೋಟ ಕಟ್ಟನ್ನೂ ಬೇಕಂತಲೇ ಉಳಿಸಿ ಫ್ರಿಜ್ಜಿನಲ್ಲಿಟ್ಟೆ. ಬುಧವಾರ ಬೆಳಿಗ್ಗೆ ಕಟ್ಟನ್ನು ಕುದಿಸಿ, ಹಿಟ್ಟು ಕಲಸಿ, ಬಾಣಲೆಗೇ ತಟ್ಟಿ ಮುಚ್ಚಿ ಬೇಯಿಸಿದೆ. ಮಗಳು ಎರಡು ತಿಂದು, ಒಂದನ್ನು ಡಬ್ಬಿಗೆ ಹಾಕಿಸಿಕೊಂಡು ಕಾಲೇಜಿಗೆ ಹೋದಳು.